ನೂರಾಹತ್ತು ಜನ ಕೂಡಿ ಮಾಡಿಸಿದ ಚಿತ್ರ

ಹೋದ ದೀಪಾವಳಿಯ ರಜೆಯಲ್ಲಿ ಖಡಕಿಯ ನಮ್ಮ ಮನೆಯಲ್ಲಿ, ನೆರೆಯ ಎರಡು ಮೂರು ಕನ್ನಡ ಕುಟುಂಬಗಳು ಕಲೆತು, ‘ಲೂಸಿಯಾ’ ಎಂಬ ಚಿತ್ರವನ್ನು ನೋಡಿದೆವು. ಅದು 2013ರ ಸೆಪ್ಟೆಂಬರಿನಲ್ಲಿ ತೆರೆಕಂಡದ್ದು. ನಮ್ಮ ಪಾಲಿಗೆ ಬಂದದ್ದು ಈಗ. ಪರಸ್ಥಳದಲ್ಲಿರುವವರಿಗೆ ಊರಿನ ಸುದ್ದಿ, ಊರಿನ ಸಿನಿಮಾ, ಊರಿನ ಮಾವಿನಹಣ್ಣು ಎಲ್ಲವೂ ತಡವಾಗಿಯೇ ತಲಪುತ್ತವೆ. ಇಲ್ಲಿಯ ಕಾರಖಾನೆಗಳ ನೌಕರಿಗೆಂದು ನಮ್ಮ ಹಿರಿಯರು ಗಂಟುಮೂಟೆ ಕಟ್ಟಿಕೊಂಡು ಬಂದ ಕಾಲದಿಂದಲೂ ಹೀಗೆಯೇ.

ಮಕ್ಕಳು ಮೊದಲಿಗೆ ಮೂಗು ಮುರಿದರು. ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಬೆಳೆದ ಅವರಿಗೆ ಕನ್ನಡ ಚಿತ್ರವೆಂದರೆ ಅಜ್ಜಿಯ ಸಂತೋಷಕ್ಕಾಗಿ ಕೂತು ನೋಡಬೇಕಾದ ಒಂದು ಶಿಕ್ಷೆ. ಅರ್ಧ ತಾಸು ಕಳೆಯುವಷ್ಟರಲ್ಲಿ ಅವರೇ ಎದ್ದು ದೀಪ ಆರಿಸಿದರು. ಚಹ ತಂದವರನ್ನು ಗದರಿಸಿದರು.

ಕಥೆ ಹೀಗಿದೆ. ನಿಕ್ಕಿ ಎಂಬ ಯುವಕ ಬೆಂಗಳೂರಿನ ಒಂದು ಹಳೆಯ ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಪ್ರೇಕ್ಷಕರಿಗೆ ಕುರ್ಚಿ ತೋರಿಸುವವನು. ರಾತ್ರಿ ನಿದ್ರೆ ಬಾರದು. ಯಾರೋ ಕೊಟ್ಟ ಒಂದು ಗುಳಿಗೆಯಿಂದ ನಿದ್ರೆಯೂ ಬರುತ್ತದೆ, ಬೇಕಾದ ಬದುಕಿನ ಕನಸೂ ಬೀಳುತ್ತದೆ. ಕನಸಿನಲ್ಲಿ ಅವನೇ ಹೆಸರಾಂತ ಚಿತ್ರನಟ! ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು-ಬಿಳುಪಿನಲ್ಲಿ. ಇವೆರಡರ ನಡುವೆ, ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿರುವ ಒಬ್ಬ ರೋಗಿ, ಅವನ ಸುತ್ತ ಒಂದು ಪತ್ತೇದಾರಿ. ಯಾವುದು ಕನಸು, ಯಾವುದು ನನಸು? ಮುಂದಿನದನ್ನು ಹೇಳಿ ವಾಚಕರ ಶಾಪಕ್ಕೆ ಗುರಿಯಾಗಲು ನಾವು ಸಿದ್ಧರಿಲ್ಲ.

ಆದರೆ ಚಿತ್ರದ ಹಿಂದಿನ ಕಥೆಯನ್ನು ಹೇಳಲು ಅಡ್ಡಿಯಿಲ್ಲ. ನಮಗೆ ಹೆಚ್ಚು ಹಿಡಿಸಿದ್ದೂ ಅದೇ.

ಇದರ ನಿರ್ದೇಶಕರು ಪವನ್ ಕುಮಾರ್. ನಾಟಕದ ಗೀಳಿನಿಂದ ಸಿನಿಮಾಕ್ಕೆ ಬಂದು, ಯೋಗರಾಜ ಭಟ್ಟರ ಜೊತೆ ‘ಮನಸಾರೆ’ (2009), ‘ಪಂಚರಂಗಿ’ (2010) ಚಿತ್ರಗಳಲ್ಲಿ ದುಡಿದವರು. 2011ರಲ್ಲಿ ‘ಲೈಫು ಇಷ್ಟೇನೆ’ ಚಿತ್ರವನ್ನು ಸ್ವತಂತ್ರವಾಗಿ ನಿರ್ದೇಶಿಸಿದರು. ಅದು ಹಗುರಾದ ಹಾಸ್ಯದ, ಹಾಡು ಕುಣಿತಗಳ ಚಿತ್ರ. ಅದರ ನಂತರ ‘ಲೂಸಿಯಾ’ದ ಕಥೆ ಹಿಡಿದು ಹೊರಟಾಗ ಹಣ ಹೂಡುವವರು ಸಿಗಲಿಲ್ಲ. ದೊಡ್ಡ ನಾಯಕನಿಲ್ಲ, ತಲೆ ತಿನ್ನುವ ಕಥೆ. ವ್ಯಾಪಾರಸ್ಥರು ಹಿಂಜರಿದದ್ದರಲ್ಲಿ ಆಶ್ಚರ್ಯವೇನಿಲ್ಲ. ಆಗ ಇವರು ತಮ್ಮ ಅಳಲನ್ನು ಮುಚ್ಚುಮರೆಯಿಲ್ಲದೆ ಬರೆದು ಜನರ ಮುಂದಿಟ್ಟರು. ನೋಡುವವರು ನೀವೇ ಆದ ಮೇಲೆ ಮಾಡಿಸುವವರೂ ನೀವೇ ಏಕಾಗಬಾರದು ಎಂಬುದು ಅದರ ಸಾರ. 27 ದಿನಗಳಲ್ಲಿ 110 ಮಂದಿ ಸೇರಿ ಸುಮಾರು 51 ಲಕ್ಷ ರೂಪಾಯಿ ಕೂಡಿಸಿದರು. ಇವರಲ್ಲಿ ಹೆಚ್ಚಿನವರು ಸಿನಿಮಾ ವ್ಯಾಪಾರದ ಗಂಧವಿಲ್ಲದವರು, ನಮ್ಮ ನಿಮ್ಮಂಥ ಸಂಬಳದವರು. ಕನ್ನಡ ನಾಡಿನಿಂದ ದೂರವಿದ್ದವರೂ ಅವರಲ್ಲಿದ್ದರು. ಮುಖ ಕಾಣದ ಮನುಷ್ಯನ ಮಾತಿನ ಮೇಲೆ ಹಣ ಕೊಡುವುದೆಂದರೆ ಸಣ್ಣ ಸಂಗತಿಯೆ? ನಮ್ಮ ಸಂಘದ ವಾರ್ಷಿಕ ವರ್ಗಣಿ ವಸೂಲಿಗೆ ಮನೆ ಮನೆ ತಿರುಗಿದವರಿಗೆ ಇದರ ಬೆಲೆ ಗೊತ್ತು.

ಜನರ ಹಣದಿಂದ ಚಿತ್ರ ಮಾಡುವುದು ಇಂಡಿಯಾಕ್ಕೆ ತೀರ ಹೊಸದಲ್ಲ. 1976ರಲ್ಲಿ ಶ್ಯಾಮ ಬೆನೆಗಲ್ಲರ ‘ಮಂಥನ’ಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲೆಗೆ 2 ರೂಪಾಯಿಯಂತೆ ಕೊಟ್ಟರು. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಅವರ ಗೆಳೆಯರು ಹಳ್ಳಿ ಹಳ್ಳಿ ತಿರುಗಿ, ಜನರಿಂದ ಹಣ ಎತ್ತಿ 1986ರಲ್ಲಿ ‘ಅಮ್ಮ ಅರಿಯಾನ್’ ತೆಗೆದರು. ಆದರೆ ಹಾಲಿನ ರೈತರ ಬೆನ್ನಿಗೆ ಒಂದು ಸಹಕಾರಿ ಸಂಸ್ಥೆಯಿತ್ತು. ಇಲ್ಲಿ ಇದ್ದದ್ದು ಬರಿಯ ನಂಬಿಕೆ.

ಕೈ ಹಿಡಿದು ಖರ್ಚು ಮಾಡಬೇಕಾದಾಗ ರೋಮಾಂಚಕ ಕಥೆಯೇ ಕೈಗೆಟಕುವುದು ಏಕೆಂಬುದೂ ವಿಚಾರಿಸತಕ್ಕ ಮಾತು. ಅರಮನೆ ಬೇಡ, ಕುದುರೆ ಬೇಡ. ಒಂದು ಮನೆ, ನಾಲ್ಕು ಜನ, ಸ್ವಲ್ಪ ಕತ್ತಲೆ ಇದ್ದರೆ ಸಾಕು. ಉಳಿದದ್ದೆಲ್ಲ ಬರವಣಿಗೆಯ ಕೆಲಸ. ಕನ್ನಡದಲ್ಲಿ ಈ ದಾರಿ ಹಳೆಯದು. ಕಾಶೀನಾಥರು 1978ರಲ್ಲಿ ‘ಅಪರಿಚಿತ’ ತೆಗೆದು, ಮುಂದೆ ಅದನ್ನೇ ‘ಬೇಶಕ್’ ಎಂದು ಹಿಂದಿಗೂ ಒಯ್ದರು. ಸುನೀಲಕುಮಾರ ದೇಸಾಯಿಯವರ ಮೊದಲ ಚಿತ್ರ ‘ತರ್ಕ’ (1989). ಶಂಕರನಾಗ್ ನಟಿಸಿದ ಅದರಲ್ಲಿ ಒಂದು ಹಾಡೂ ಇಲ್ಲ. ನಾವು ಅದನ್ನು ರಜೆಗೆ ಊರಿಗೆ ಹೋದಾಗ ನೋಡಿ, ರಾತ್ರಿ ಹಿತ್ತಲ ಬಾಗಿಲಿನ ಅಗಳಿಯನ್ನು ಎರಡು ಸಲ ಪರೀಕ್ಷಿಸಿದ್ದು ನೆನಪಿದೆ.

‘ಲೂಸಿಯಾ’ದ ಚಿತ್ರೀಕರಣ ಸ್ಥಿರಚಿತ್ರ ತೆಗೆಯುವ ಕ್ಯಾನನ್ ಕ್ಯಾಮೆರಾದಲ್ಲಿ ನಡೆಯಿತು, ಮದುವೆ ಮನೆಯ ಛಾಯಾಗ್ರಾಹಕರ ಕೊರಳಿನಲ್ಲಿ ಅಂಥದನ್ನೇ ನಾವೆಲ್ಲ ಕಂಡಿದ್ದೇವೆ. ನಾಯಕ ಸತೀಶ್ ಹೆಗ್ಗೋಡಿನ ನೀನಾಸಂನಲ್ಲಿ ನಟನೆ ಕಲಿತವರು. ಆ ಊರಿನ ಶಾಲೆಯ ಹೆಸರನ್ನೇ ತಮ್ಮ ಹೆಸರಿಗೆ ಅಂಟಿಸಿಕೊಂಡಿದ್ದಾರೆ. 2013ರ ಜುಲೈಯಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನವಾಗಿ, ಪ್ರೇಕ್ಷಕರು ಆರಿಸುವ ಬಹುಮಾನ ಇದಕ್ಕೇ ಬಂತು. 2015ರಲ್ಲಿ ತಮಿಳಿಗೂ ಹೋಯಿತು. ಕೊರತೆಯಿಲ್ಲವೆಂದಲ್ಲ. ನಡುವೆ ಕಥೆ ತುಸು ಎಳೆಯುತ್ತದೆ. ಗಂಟು ಬಿಡಿಸುವ ಕೊನೆಯ ಭಾಗದಲ್ಲಿ ಅವಸರವಿದೆ. ನಮ್ಮ ಮನೆಯ ಹಿರಿಯರಿಗೆ ಅದನ್ನು ವಿವರಿಸುವುದರಲ್ಲಿ ಊಟ ಆರಿಹೋಯಿತು. ವಿವರಿಸಿದವರು ಮಕ್ಕಳು, ಅದೂ ಕನ್ನಡದಲ್ಲಿ, ತಡವರಿಸುತ್ತ!

ಪವನ್ ಕುಮಾರರ ಬೆಳವಣಿಗೆ ಕಾಣುವುದು 2016ರ ‘ಯು ಟರ್ನ್’ನಲ್ಲಿ. ಅದನ್ನು ಮರುವಾರ ನೋಡಿದೆವು. ಬೆಂಗಳೂರಿನ ಡಬಲ್ ರೋಡಿನ ಮೇಲ್ಸೇತುವೆಯಲ್ಲಿ ದಾರಿ ವಿಭಾಗಿಸಲು ಇಟ್ಟ ಕಲ್ಲುಗಳನ್ನು ಕೆಲವರು ಸರಿಸಿ, ಬೈಕು ತಿರುಗಿಸಿಕೊಂಡು, ಕಲ್ಲನ್ನು ನಡುರಸ್ತೆಯಲ್ಲೇ ಬಿಟ್ಟು ಹೋಗುತ್ತಿದ್ದರು. ದಿನವೂ ಸಾವಿರಾರು ಜನ ಕಂಡು ಸುಮ್ಮನಿದ್ದ ಈ ಸಣ್ಣ ತಪ್ಪಿನಿಂದ ಇವರು ಒಂದು ಭಯದ ಕಥೆಯನ್ನೇ ಹೆಣೆದರು. ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿರುವ ರಚನಾ ಹಾಗೆ ತಿರುಗಿದವರ ಬಗ್ಗೆ ವರದಿ ಬರೆಯಹೊರಡುತ್ತಾಳೆ. ಅವರು ಒಬ್ಬೊಬ್ಬರಾಗಿ ಸತ್ತಿರುವುದು ಬೆಳಕಿಗೆ ಬರುತ್ತದೆ. ‘ಲೂಸಿಯಾ’ದಲ್ಲಿ ಜಾಣತನ ಎದ್ದು ಕಾಣುತ್ತಿತ್ತು, ಇಲ್ಲಿ ಅದು ಕಥೆಯೊಳಗೆ ಇಂಗಿದೆ. ರಚನಾಳ ಪಾತ್ರ ವಹಿಸಿದ ಶ್ರದ್ಧಾ ಶ್ರೀನಾಥರ ಕಣ್ಣುಗಳಲ್ಲಿನ ಗಾಬರಿ ಸಹಜವಾದದ್ದು. ಮಲಯಾಳಂ, ಹಿಂದಿ, ಬಂಗಾಳಿಗಳಲ್ಲದೆ ಸಿಂಹಳಕ್ಕೂ ಫಿಲಿಪ್ಪೀನ್ಸಿಗೂ ಈ ಕಥೆ ಹೋಯಿತು. ತಮಿಳು-ತೆಲುಗುಗಳಲ್ಲಿ 2018ರಲ್ಲಿ ಅವರೇ ನಿರ್ದೇಶಿಸಿದರು.

ಏರಿದವರು ಏರುತ್ತಲೇ ಇರುವುದಿಲ್ಲ. 2023ರಲ್ಲಿ ಮಲಯಾಳಂನಲ್ಲಿ ಮಾಡಿದ ‘ಧೂಮಂ’ಗೆ ದೊಡ್ಡ ಸಂಸ್ಥೆಯ ಹಣವಿತ್ತು, ಫಹಾದ್ ಫಾಸಿಲರಂಥ ನಟರಿದ್ದರು. ತಂಬಾಕಿನ ವ್ಯಾಪಾರವನ್ನು ಕುರಿತ ಒಳ್ಳೆಯ ವಿಷಯ. ಆದರೆ ಜನ ಒಪ್ಪಲಿಲ್ಲ. ನೋಡಿದಾಗ ನಮಗೂ ಉಪದೇಶ ಹೆಚ್ಚಾಯಿತೆನ್ನಿಸಿತು. 51 ಲಕ್ಷದಲ್ಲಿ ಅವರಿಗಿದ್ದ ಬಿಕ್ಕಟ್ಟೇ ಅವರ ಬಲವಾಗಿತ್ತೇನೋ.

‘ಯು ಟರ್ನ್’ ಮುಗಿದ ರಾತ್ರಿ ನಮ್ಮ ಕಾಲೇಜಿನ ಹುಡುಗ ಏನೂ ಮಾತಾಡದೆ ಮಲಗಿದ. ಬೋಪೋಡಿಯ ಕಡೆಗೆ ಹೋಗುವಾಗ ಸಿಗ್ನಲ್ ದೂರವೆಂದು ರಸ್ತೆ ವಿಭಾಜಕದ ಸಂದಿಯಲ್ಲಿ ಬೈಕು ನುಗ್ಗಿಸುವುದು ಅವನ ರೂಢಿ; ಅವನ ತಾಯಿ ಎಷ್ಟು ಸಲ ಗದರಿಸಿದ್ದರೋ. ಮರುದಿನ ಬೆಳಿಗ್ಗೆ ಹತ್ತು ನಿಮಿಷ ಮೊದಲೇ ಮನೆ ಬಿಟ್ಟ. ಏಕೆಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ.