ಬಳ್ಳಾರಿಯಲ್ಲೇ ಹೊಲಿದ ಜೀನ್ಸ್‌ಗೆ ಒಂದೊಂದು ಅಂಗಡಿಯಲ್ಲಿ ಒಂದೊಂದು ರೇಟ್ ಯಾಕೆ? ಕೊಳ್ಳುವ ಮುಂಚೆ ಏನು ನೋಡಬೇಕು?

ಕರೂರು: ಭತ್ತ, ಮೆಣಸಿನಕಾಯಿ ದುಡ್ಡು ಕೈಗೆ ಬಂದ ಮೇಲೆ ಹಬ್ಬಕ್ಕೆ ಬಟ್ಟೆ ತರೋಕೆ ಸಿರುಗುಪ್ಪಕ್ಕೋ ಬಳ್ಳಾರಿಗೋ ಬಸ್ ಹತ್ತುವುದು ಈ ಭಾಗದ ರೂಢಿ. ಮನೆಯಲ್ಲಿ ಇಬ್ಬರು ಗಂಡು ಹುಡುಗರಿದ್ದರೆ ಜೀನ್ಸ್, ಟೀ ಶರ್ಟ್ ಲೆಕ್ಕವೇ ಸಾವಿರಗಳಲ್ಲಿ ಆಗುತ್ತೆ. ಕಣ್ಣಿಗೆ ಒಂದೇ ಥರ ಕಾಣುವ ಜೀನ್ಸ್ ಪ್ಯಾಂಟಿಗೆ ಸಂತೆಯಲ್ಲಿ ಒಂದು ರೇಟ್, ತಾಲ್ಲೂಕು ಅಂಗಡಿಯಲ್ಲಿ ಇನ್ನೊಂದು, ಬಳ್ಳಾರಿಯ ಬೆಂಗಳೂರು ರಸ್ತೆಯ ಶೋರೂಮಿನಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬಹಳ ಸಲ ಈ ಮೂರೂ ಪ್ಯಾಂಟು ಹೊಲಿದಿರುವುದು ಬಳ್ಳಾರಿಯಲ್ಲೇ. ಹಾಗಾದರೆ ವ್ಯತ್ಯಾಸ ಎಲ್ಲಿ?

ಬಳ್ಳಾರಿ ಜೀನ್ಸ್ ಅಂದರೆ ದೇಶಕ್ಕೆಲ್ಲ ಗೊತ್ತು. 2023ರ ವಿಧಾನಸಭಾ ಚುನಾವಣೆ ಪ್ರಚಾರದಲ್ಲಿ ಇದನ್ನ ಜೀನ್ಸ್ ರಾಜಧಾನಿ ಮಾಡ್ತೀವಿ, 5,000 ಕೋಟಿ ಹಾಕ್ತೀವಿ ಅಂತ ರಾಹುಲ್ ಗಾಂಧಿ ಹೇಳಿದ್ದು ಇಲ್ಲಿನವರಿಗೆ ನೆನಪಿದೆ. ಆದರೆ ಡೆನಿಮ್ ಬಟ್ಟೆ ಇಲ್ಲಿ ತಯಾರಾಗುವುದಿಲ್ಲ. ಸುತ್ತ ಹತ್ತಿ ಬೆಳೆದರೂ ಬಟ್ಟೆಯ ಥಾನು ಬರುವುದು ಅಹಮದಾಬಾದ್ ಕಡೆಯ ದೊಡ್ಡ ಮಿಲ್‌ಗಳಿಂದ. ಇಲ್ಲಿ ನಡೆಯುವುದು ಕಟಿಂಗ್, ಹೊಲಿಗೆ, ವಾಷಿಂಗ್, ಇಸ್ತ್ರಿ, ಪ್ಯಾಕಿಂಗ್. ಹೊಲಿಗೆ ಪೀಸ್ ಲೆಕ್ಕದ ಕೂಲಿ. ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಮಷಿನ್ ಮೇಲೆ ಕೂತಿರುತ್ತಾರೆ. ಹಾಗಾಗಿ ರೇಟಿನ ವ್ಯತ್ಯಾಸ ಟೈಲರ್ ಕೂಲಿಯಿಂದ ಬರುವುದು ಕಡಿಮೆ. ಬರುವುದು ಬಟ್ಟೆ, ವಾಷಿಂಗ್, ಲೇಬಲ್, ಅಂಗಡಿ ಬಾಡಿಗೆಯಿಂದ.

ಬಟ್ಟೆಯ ತೂಕ

ಡೆನಿಮ್ಮನ್ನ ಔನ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಚದರ ಗಜ ಬಟ್ಟೆ ಎಷ್ಟು ಔನ್ಸ್ ತೂಗುತ್ತೆ ಅನ್ನೋದೇ ಲೆಕ್ಕ. ಒಂದು ಔನ್ಸ್ ಅಂದರೆ ಚದರ ಮೀಟರಿಗೆ ಸುಮಾರು 34 ಗ್ರಾಂ. 8ರಿಂದ 10 ಔನ್ಸ್ ತೆಳು, 12 ದಾಟಿದರೆ ದಪ್ಪ. ಬಟ್ಟೆ ದಪ್ಪ ಆದಷ್ಟೂ ನೂಲು ಜಾಸ್ತಿ, ಖರ್ಚೂ ಜಾಸ್ತಿ. ಹಾಗಂತ ದಪ್ಪ ಇದ್ದದ್ದೇ ಒಳ್ಳೇದು ಅಂತಲ್ಲ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಲ್ಲಿ 13 ಔನ್ಸ್ ಪ್ಯಾಂಟ್ ಹಾಕೋದು ಶಿಕ್ಷೆ. ಗದ್ದೆ ಕೆಲಸಕ್ಕೆ, ಬೈಕಿಗೆ ಬೇಕಾದವರು ದಪ್ಪದ್ದು ನೋಡಲಿ, ಕಾಲೇಜಿಗೆ ತೆಳುವೇ ಸಾಕು.

ಈಗ ಹೆಚ್ಚು ಓಡುತ್ತಿರುವುದು ಸ್ಟ್ರೆಚ್ ಜೀನ್ಸ್. ಹತ್ತಿ ನೂಲಿನ ಜೊತೆ ಒಂದೆರಡು ಪರ್ಸೆಂಟ್ ರಬ್ಬರಿನಂಥ ಎಲಾಸ್ಟೇನ್ ನೂಲು ಸೇರಿರುತ್ತೆ. ಅಗ್ಗದ ಮಾಲಿನಲ್ಲಿ ಹತ್ತಿ ಕಡಿಮೆ ಮಾಡಿ ಪಾಲಿಯೆಸ್ಟರ್ ತುಂಬುತ್ತಾರೆ. ಆಗ ಬೆವರು ಹೀರಲ್ಲ, ಸೆಕೆ ಜಾಸ್ತಿ. ಅಂಗಡಿಯಲ್ಲೇ ಮೊಣಕಾಲಿನ ಜಾಗ ಹಿಡಿದು ಎಳೆದು ಬಿಡಿ. ತಕ್ಷಣ ಮೊದಲಿನಂತೆ ಕೂತರೆ ಸರಿ, ಸಡಿಲ ಆಗೇ ಉಳಿದರೆ ಎರಡು ತಿಂಗಳಲ್ಲಿ ಮೊಣಕಾಲಲ್ಲಿ ಜೋಳಿಗೆ ಬೀಳುತ್ತೆ. ಬಿಸಿ ನೀರು, ಬ್ಲೀಚಿಂಗ್ ಎರಡೂ ಈ ನೂಲಿಗೆ ಆಗಲ್ಲ. ಪಾಲಿಯೆಸ್ಟರ್ ಇದೆಯೋ ಇಲ್ಲವೋ ತಿಳಿಯಲು ಮನೆಯಲ್ಲಿ ಒಳಗಿನ ಅಂಚಿಂದ ಒಂದು ಎಳೆ ತೆಗೆದು ಸುಟ್ಟು ನೋಡಬಹುದು. ಹತ್ತಿ ಕಾಗದ ಸುಟ್ಟಂಗೆ ಉರಿದು ಬೂದಿ ಆಗುತ್ತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ.

ಬಣ್ಣ ಹೋಗುತ್ತಾ ಅಣ್ಣಾ?

ಗಿರಾಕಿ ಕೇಳುವ ಮೊದಲ ಪ್ರಶ್ನೆ ಇದೇ. 'ಜೀನ್ಸ್ ಅಲ್ವಾ, ಸ್ವಲ್ಪ ಹೋಗುತ್ತಪ್ಪ' ಅಂತಾರೆ ಅಂಗಡಿಯವರು. ಅದು ಸುಳ್ಳಲ್ಲ. ಇಂಡಿಗೊ ನೀಲಿ ನೂಲಿನ ಮೇಲ್ಮೈ ಸುತ್ತ ಕೂರುತ್ತೆ, ಒಳಗಿನ ತನಕ ಇಳಿಯಲ್ಲ. ಉದ್ದದ ನೂಲಿಗೆ ಮಾತ್ರ ಬಣ್ಣ, ಅಡ್ಡ ನೂಲು ಬಿಳಿ. ಜೀನ್ಸ್ ಒಳಮಗ್ಗುಲು ಬಿಳಿಯಾಗಿ ಕಾಣೋದು ಅದಕ್ಕೇ. ಆದರೆ ಸ್ವಲ್ಪ ಹೋಗೋದಕ್ಕೂ ಬೈಕ್ ಸೀಟಿಗೆಲ್ಲ ನೀಲಿ ಬಳಿಯೋದಕ್ಕೂ ವ್ಯತ್ಯಾಸ ಇದೆ. ಒದ್ದೆ ಮಾಡಿದ ಬಿಳಿ ಕರ್ಚೀಫಿನಿಂದ ಹತ್ತು ಸಲ ಉಜ್ಜಿ ನೋಡಿ, ಕರ್ಚೀಫು ಗಾಢ ನೀಲಿ ಆದರೆ ಆ ಮಾಲು ಸರಿಯಾಗಿ ತೊಳೆದಿಲ್ಲ.

ನಿಜವಾದ ತೊಂದರೆ ಇರುವುದು ಮಾಸಿದ ಡಿಸೈನ್ ಪ್ಯಾಂಟುಗಳಲ್ಲಿ. ತೊಡೆ ಮೇಲೆ ಬೆಳ್ಳಗೆ ಮಾಡಲು ಬ್ಲೀಚ್ ಬಳಸುತ್ತಾರೆ, ಇಲ್ಲ ಪರ್ಮಾಂಗನೇಟ್ ಸ್ಪ್ರೇ ಹೊಡೆಯುತ್ತಾರೆ. ಆಮೇಲೆ ಆ ಕೆಮಿಕಲ್ಲಿನ ಪ್ರಭಾವ ಪೂರ್ತಿ ನಿಲ್ಲುವಂತೆ ಇನ್ನೊಂದು ದ್ರಾವಣದಲ್ಲಿ ಅದ್ದಿ, ಮತ್ತೆ ತೊಳೆಯಬೇಕು. ಅದಕ್ಕೆ ನೀರು ಬೇಕು, ಟೈಮ್ ಬೇಕು, ಕೊಳಚೆ ನೀರು ಶುದ್ಧ ಮಾಡುವ ಖರ್ಚೂ ಇದೆ. ಇಲ್ಲಿ ಕೈ ಬಿಗಿ ಹಿಡಿದರೆ ಪ್ಯಾಂಟು ಅಗ್ಗ ಆಗುತ್ತೆ, ಜೊತೆಗೆ ಬೆಳ್ಳಗಾದ ಜಾಗದಲ್ಲೇ ಕೆಲವೇ ತಿಂಗಳಲ್ಲಿ ಹರಿಯುತ್ತೆ. ಕಡಿಮೆ ರೇಟಿನಲ್ಲಿ ತಗೊಳ್ಳೋರು ಮಾಸಿದ ಡಿಸೈನ್ ಬಿಟ್ಟು ಪ್ಲೇನ್ ಗಾಢ ಬಣ್ಣದ್ದು ತಗೊಂಡರೆ ಹೆಚ್ಚು ದಿನ ಬಾಳಿಕೆ.

ಹೊಲಿಗೆ ನೋಡೋಕೆ ಪ್ಯಾಂಟನ್ನ ಒಳಗು ಹೊರಗು ಮಾಡಿ. ಎರಡು ಸಾಲು ಹೊಲಿಗೆ, ಜಿಪ್ ಕೆಳಗೆ ಗಟ್ಟಿ ಟಾಕಾ, ಬೆಲ್ಟ್ ಲೂಪು ಎಳೆದರೆ ಅಲ್ಲಾಡಬಾರದು. ಜಿಪ್ಪನ್ನ ಐದಾರು ಸಲ ಎಳೆದರೆ ಅದರ ಬಂಡವಾಳ ಗೊತ್ತಾಗುತ್ತೆ.

ತೆರಿಗೆ, ಬಿಲ್, ಬೋರ್ಡು

2025ರ ಸೆಪ್ಟೆಂಬರ್ 22ರಿಂದ ಒಂದು ಪೀಸಿಗೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5. ಅದರ ಮೇಲೆ ಶೇ 18. ಮುಂಚೆ 1,000 ರೂಪಾಯಿವರೆಗೆ ಶೇ 5, ಅದರ ಮೇಲೆ ಶೇ 12 ಇತ್ತು. ಅಂದರೆ ತೆರಿಗೆ ಬಿಟ್ಟು 1,200 ರೂಪಾಯಿಯ ಜೀನ್ಸ್ ಮುಂಚೆ 1,344 ಆಗುತ್ತಿತ್ತು, ಈಗ 1,260. ಆ 84 ರೂಪಾಯಿ ಗಿರಾಕಿಗೆ ಸಿಗಬೇಕು. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿರುತ್ತೆ, ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕುವಂತಿಲ್ಲ.

ಊರಿನ ಸಣ್ಣ ಅಂಗಡಿಯವರಿಗೂ ಇದರಲ್ಲಿ ಒಂದು ಮಾತಿದೆ. ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ಅಂತ ಬೇರೆ ವಸೂಲಿ ಮಾಡುವಂತಿಲ್ಲ. ವರ್ಷಕ್ಕೆ ಒಂದೂವರೆ ಕೋಟಿವರೆಗೆ ವಹಿವಾಟಿರುವವರು ಕಾಂಪೊಸಿಷನ್ ಸ್ಕೀಮಿನಲ್ಲಿ ವಹಿವಾಟಿನ ಶೇ 1 ಕಟ್ಟಬಹುದು, ಅವರಿಗೂ ಇದೇ ನಿಯಮ. ಇನ್ನು ದೊಡ್ಡ ಕಂಪನಿ ಹೆಸರು ಅಂಟಿಸಿದ 'ಫಸ್ಟ್ ಕಾಪಿ' ಮಾಲು. ಬರೀ ಮಾರಿದ್ದಕ್ಕೂ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, ಕನಿಷ್ಠ 50,000 ದಂಡ ಇದೆ. ಹೊಲಿದವರು ಸಿಗಲಿ ಬಿಡಲಿ, ಮೊದಲು ಸಿಗುವುದು ಅಂಗಡಿ. ಬಳ್ಳಾರಿಯ ಸ್ವಂತ ಲೇಬಲ್ಲಿನ ಮಾಲಿಗೆ ಆ ಭಯ ಇಲ್ಲ, ಗುಣಮಟ್ಟವೂ ಎಷ್ಟೋ ಸಲ ಮೇಲು.

'ಮಾರಿದ ಮಾಲು ವಾಪಸ್ ಇಲ್ಲ' ಅನ್ನೋ ಬೋರ್ಡು ಎಲ್ಲ ಕಡೆ ಇದೆ. ಮಾಲಿನಲ್ಲಿ ದೋಷ ಇದ್ದರೆ ಆ ಬೋರ್ಡು ನಡೆಯಲ್ಲ. ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲ ಅಂದರೆ 30 ದಿನದೊಳಗೆ ದೋಷದ ಮಾಲು ವಾಪಸ್ ತಗೊಂಡು ಹಣ ಕೊಡಲು ಒಪ್ಪದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಅದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅಷ್ಟೇ. ಆದರೆ ಮನೆಗೆ ಹೋದ ಮೇಲೆ ಕಲರ್ ಇಷ್ಟ ಆಗಲಿಲ್ಲ ಅನ್ನೋದು ದೋಷ ಅಲ್ಲ, ಅಲ್ಲಿ ಅಂಗಡಿಯವರು ಬದಲಿಸಿ ಕೊಟ್ಟರೆ ಅವರ ದೊಡ್ಡತನ. ಹೊಲಿಗೆ ಬಿಚ್ಚಿದೆ, ವಾರದಲ್ಲಿ ಹರಿದಿದೆ ಅಂದರೆ ಬಿಲ್ ಸಮೇತ ಮೊದಲು ಅಂಗಡಿಗೇ ಹೋಗಿ. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಆಮೇಲೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕ ಇಲ್ಲ.