ಎಮ್ಮೆಗಳನ್ನು ಹೊರಗಟ್ಟಿದ ಮೇಲೆ

ರಾಜಸ್ಥಾನದ ಭರತ್‌ಪುರಕ್ಕೆ ಜನ ಹೋಗುವುದು ಹಕ್ಕಿ ನೋಡಲು. ನನಗೆ ಅಲ್ಲಿನ ತೂಬುಗಳನ್ನು ನೋಡುವ ಹುಚ್ಚು. ಸುಮಾರು 29 ಚದರ ಕಿಲೋಮೀಟರಿನ ಕೇವಲಾದೇವ್ ರಾಷ್ಟ್ರೀಯ ಉದ್ಯಾನದ ಜೌಗು ತಾನಾಗಿ ಆದದ್ದಲ್ಲ. ಅಜಾನ್ ಕಟ್ಟೆಯ ನೀರನ್ನು ತಗ್ಗಿಗೆ ಹರಿಸಿ, ಏರಿ ಹಾಕಿ, ಗದ್ದೆಯ ಮಡಿಗಳಂತೆ ಪಾಲು ಮಾಡಿದವರು ಭರತ್‌ಪುರದ ರಾಜರು. ಅದೂ ಬಾತು ಬೇಟೆಗೆ. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿ ಉರುಳಿಸಿದ್ದನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ!

ಈಗ ತೂಬಿನ ಹಲಗೆ ಏರಿಳಿಸುವುದು ಅರಣ್ಯ ಇಲಾಖೆಯ ಕೆಲಸ. ನೀರು ಮೊಣಕಾಲುದ್ದವಿದ್ದರೆ ಕೊಕ್ಕರೆಗೆ ಅನುಕೂಲ, ಆಳವಾದರೆ ನೀರುಕಾಗೆಗೆ. ಮಣ್ಣಗುಡ್ಡೆಗಳ ಮೇಲಿನ ಕರಿಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳ ಗೂಡುಗಳು. ಬಿಸಿಲೇರಿದಾಗ ತಾಯಿ ರೆಕ್ಕೆ ಹರಡಿ ಮರಿಗಳಿಗೆ ನೆರಳು ಹಿಡಿಯುತ್ತದೆ, ನುಂಗಿ ತಂದ ಮೀನನ್ನು ಗೂಡಿನೊಳಗೆ ಕಕ್ಕುತ್ತದೆ. ಮರಿಗಳ ಕಚ್ಚಾಟ ಏರಿಯವರೆಗೂ ಕೇಳುತ್ತದೆ. ಮಳೆ ಕೈಕೊಟ್ಟ ವರ್ಷ ಮೀನಿಲ್ಲ, ಗೂಡೂ ಇಲ್ಲ.

ನೀರಿನಷ್ಟೇ ಮುಖ್ಯವಾದದ್ದು ಹುಲ್ಲು ಎಂಬುದು ಗೊತ್ತಾದದ್ದು ತಡವಾಗಿ. 1982ರಲ್ಲಿ ಇಲ್ಲಿ ದನ, ಎಮ್ಮೆ ಮೇಯಿಸುವುದನ್ನು ನಿಷೇಧಿಸಿದರು. ಹಳ್ಳಿಗರು ತಿರುಗಿಬಿದ್ದರು, ಗೋಲಿಬಾರಿನಲ್ಲಿ ಜೀವಗಳೂ ಹೋದವು. ಕಾಡು ಉಳಿಯಬೇಕಾದರೆ ದನ ಹೊರಗಿರಬೇಕೆಂಬುದು ಆಗ ಪ್ರಶ್ನಿಸದ ನಂಬಿಕೆ. ಆದರೆ ಎಮ್ಮೆ ಹೋದದ್ದೇ ತಡ, ಪ್ಯಾಸ್ಪಾಲಮ್ ಎಂಬ ನೀರುಹುಲ್ಲು ಹೆಣೆದುಕೊಂಡು ಮಡಿಗಳನ್ನೇ ಮುಚ್ಚಿತು. ಬಾತುಗಳಿಗೆ ಇಳಿಯಲು ಬಯಲು ನೀರಿಲ್ಲ, ಮೀನಿಗೂ ಇಕ್ಕಟ್ಟು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿ.ಎಸ್. ವಿಜಯನ್ ತಂಡ ಸುಮಾರು ಹತ್ತು ವರ್ಷ ಅಧ್ಯಯನ ಮಾಡಿ, ಎಮ್ಮೆಗಳ ಮೇವೇ ಹುಲ್ಲನ್ನು ಹದ್ದಿನಲ್ಲಿಟ್ಟಿತ್ತು ಎಂದು ತೋರಿಸಿತು. ನಿಷೇಧ ಬೇಕೆಂದು ವಾದಿಸಿದವರಲ್ಲಿ ಇದೇ ಸೊಸೈಟಿಯೂ ಇತ್ತು. ತನ್ನದೇ ಸಲಹೆಯನ್ನು ತಾನೇ ಅಲ್ಲಗಳೆಯುವ ಎದೆಗಾರಿಕೆ ನನ್ನ ಮಟ್ಟಿಗೆ ಆ ಅಧ್ಯಯನದಷ್ಟೇ ದೊಡ್ಡದು.

ಮುಂದೆ ಒಣ ನೆಲಕ್ಕೆ ಬಳ್ಳಾರಿ ಜಾಲಿ ನುಗ್ಗಿತು. ಈ ಸಲ ಇಲಾಖೆ ಹಳ್ಳಿಗರನ್ನೇ ಒಳಕ್ಕೆ ಕರೆಯಿತು: ಬೇರುಸಹಿತ ಕಿತ್ತವರಿಗೆ ಸೌದೆ. ನೀರಿನ ಜಗಳ ಮಾತ್ರ ಬಗೆಹರಿದಿಲ್ಲ. ವರ್ಷಕ್ಕೆ ಸುಮಾರು 55 ಕೋಟಿ ಘನ ಅಡಿ ಬೇಕು. ಗಂಭೀರ್ ನದಿಯ ಪಾಂಚನಾ ಅಣೆಕಟ್ಟಿನ ಮೇಲೆ ರೈತರಿಗೂ ಹಕ್ಕಿದೆ. ಹಾಗಾಗಿ ಗೋವರ್ಧನ ಕಾಲುವೆಯಿಂದಲೂ ಚಂಬಲ್‌ನಿಂದಲೂ ಕೊಳವೆಯಲ್ಲಿ ನೀರು ತರುತ್ತಾರೆ. ಆದರೆ ನದಿಯ ನೆರೆಯೊಂದಿಗೆ ಬರುತ್ತಿದ್ದ ಮೀನುಮರಿಗಳು ಕೊಳವೆಯಲ್ಲಿ ಅಷ್ಟಾಗಿ ಬರುವುದಿಲ್ಲ.