ಕಟ್ಟಿನೊಳಗಿನ ಕೆಲಸ

ಹೋದ ವರ್ಷ ಇಪ್ಪತ್ತು ದಿನಗಳ ಅಂತರದಲ್ಲಿ ನಮ್ಮ ಮನೆಯಲ್ಲಿ ಎರಡು ಕೈ ಮುರಿದವು. ಮೊದಲನೆಯದು ಅಕ್ಕನ ಮಗನದು. ಒಂಬತ್ತು ವರ್ಷದ ಹುಡುಗ, ರಜೆಗೆಂದು ಬಂದವನು ಹಿತ್ತಿಲ ನುಗ್ಗೆ ಮರ ಹತ್ತಿದ್ದ. ನುಗ್ಗೆ ಕೊಂಬೆಯನ್ನು ನಂಬಿ ಕಾಲಿಡಬಾರದು ಎಂದು ಹಳ್ಳಿಯ ಮಕ್ಕಳಿಗೆ ಗೊತ್ತು, ಪಟ್ಟಣದಲ್ಲಿ ಬೆಳೆದ ಅವನಿಗೆ ಗೊತ್ತಿರಲಿಲ್ಲ. ಎರಡನೆಯದು ಅಮ್ಮನದು. ಅರವತ್ತೆಂಟು ವರ್ಷ. ಬಚ್ಚಲಲ್ಲಿ ಕಾಲು ಜಾರಿತು, ಬೀಳುವಾಗ ಅಂಗೈ ಊರಿದಳು.

ಆ ಎರಡೂ ಎಕ್ಸ್‌ರೇಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನಾನು ಎಷ್ಟೋ ಸಲ ನೋಡಿದ್ದೇನೆ. ಇಬ್ಬರದೂ ಒಂದೇ ಮೂಳೆ, ಮುಂಗೈಯಲ್ಲಿ ಹೆಬ್ಬೆರಳಿನ ಕಡೆಗಿರುವ ರೇಡಿಯಸ್. ಮುರಿದ ಬಗೆ ಮಾತ್ರ ಬೇರೆ. ಹುಡುಗನ ಮೂಳೆ ಪೂರ್ತಿ ತುಂಡಾಗಿರಲಿಲ್ಲ. ಸೀಬೆ ಮರದ ಎಳೆ ಕಡ್ಡಿಯನ್ನು ಬಗ್ಗಿಸಿದರೆ ಒಂದು ಬದಿ ನಾರುನಾರಾಗಿ ಬಿರಿದು ಇನ್ನೊಂದು ಬದಿ ಬರೀ ಬಾಗಿ ನಿಲ್ಲುತ್ತದಲ್ಲ, ಹಾಗೆ. ವೈದ್ಯರೂ ಅದನ್ನು ಹಸಿಕಡ್ಡಿ ಮುರಿತ ಎಂದೇ ಕರೆಯುತ್ತಾರೆ. ಅಮ್ಮನದು ಒಣಕಡ್ಡಿ. ಮಣಿಕಟ್ಟಿಗಿಂತ ಒಂದಂಗುಲ ಮೇಲೆ ಅಡ್ಡಕ್ಕೆ ಮುರಿದು, ತುದಿಯ ತುಂಡು ಹಿಂದಕ್ಕೆ ಸರಿದು, ಕೈ ಪಕ್ಕದಿಂದ ನೋಡಿದರೆ ಬೋರಲಿಟ್ಟ ಫೋರ್ಕಿನ ಹಾಗೆ ಡೊಂಕಾಗಿತ್ತು. ಈ ಮುರಿತಕ್ಕೆ ಕಾಲಿಸ್ ಮುರಿತ ಎಂದು ಹೆಸರು. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ 1814ರಲ್ಲಿ ಇದನ್ನು ವಿವರಿಸಿದ. ಅಲ್ಲಿಯವರೆಗೆ ಇಂಥ ಕೈ ಕಂಡರೆ ಮಣಿಕಟ್ಟಿನ ಕೀಲು ತಪ್ಪಿದೆ ಎಂದೇ ಹೆಚ್ಚಿನವರು ತಿಳಿಯುತ್ತಿದ್ದರು. ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅದಕ್ಕೂ ಎಂಬತ್ತೊಂದು ವರ್ಷ ಮೊದಲು ಒಬ್ಬ ಮನುಷ್ಯ ಬೆರಳ ತುದಿಯಿಂದ ಮುಟ್ಟಿ, ಒತ್ತಿ, ಒಳಗೆ ಮುರಿದದ್ದು ಏನು ಎಂದು ಸರಿಯಾಗಿ ಹೇಳಿದ್ದ.

ಮೂಳೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಒಣಗಿದ, ಬಿಳಿಚಿದ ವಸ್ತು. ನಾವು ನೋಡುವುದೆಲ್ಲ ಸತ್ತ ಮೂಳೆಯನ್ನೇ ಆದ್ದರಿಂದ ಹೀಗೆ. ಮೈಯೊಳಗಿನ ಮೂಳೆಯಲ್ಲಿ ರಕ್ತ ಹರಿಯುತ್ತದೆ, ನರ ಇದೆ, ನೋವಿದೆ. ಅದರ ಕಟ್ಟಡವನ್ನು ತಿಳಿಯಲು ನಮ್ಮ ಹಳೆಯ ತಡಿಕೆಗೋಡೆಯನ್ನು ನೆನೆದರೆ ಸಾಕು. ಬಿದಿರ ದಬ್ಬೆಗಳನ್ನು ಹೆಣೆದು ಮೇಲೆ ಮಣ್ಣು ಮೆತ್ತಿದ ಗೋಡೆ ಅದು. ಮೂಳೆಯಲ್ಲಿ ದಬ್ಬೆಯ ಜಾಗದಲ್ಲಿರುವುದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು, ಮಣ್ಣಿನ ಜಾಗದಲ್ಲಿರುವುದು ಕ್ಯಾಲ್ಸಿಯಂ ಮತ್ತು ರಂಜಕ ಸೇರಿದ ಖನಿಜ. ಕೋಳಿ ಕಾಲಿನ ಮೂಳೆಯನ್ನು ಕೆಲವು ದಿನ ವಿನಿಗರ್‌ನಲ್ಲಿ ನೆನೆಹಾಕಿ ನೋಡಿ. ಖನಿಜ ಕರಗಿಹೋಗಿ ಎಳೆಗಳಷ್ಟೇ ಉಳಿದು ಮೂಳೆ ರಬ್ಬರಿನಂತೆ ಬಾಗುತ್ತದೆ. ಅದೇ ಮೂಳೆಯನ್ನು ಒಲೆಯಲ್ಲಿ ಸುಟ್ಟರೆ ಎಳೆ ಹೋಗಿ ಖನಿಜ ಉಳಿಯುತ್ತದೆ, ಮುಟ್ಟಿದರೆ ಪುಡಿ. ಮಗುವಿನ ಮೂಳೆಯಲ್ಲಿ ಎಳೆಯ ಪಾಲು ಹೆಚ್ಚು, ಮೇಲಿನ ಪೊರೆಯೂ ದಪ್ಪ. ಅದಕ್ಕೇ ಅಕ್ಕನ ಮಗನ ಕೈ ಬಾಗಿತು, ಅಮ್ಮನ ಕೈ ಮುರಿಯಿತು.

ಈ ಗೋಡೆಗೆ ರಿಪೇರಿ ನಿಲ್ಲುವುದೇ ಇಲ್ಲ. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳು ಒಂದು ಕಡೆ, ಹೊಸದನ್ನು ಕಟ್ಟುವ ಕೋಶಗಳು ಅವುಗಳ ಹಿಂದೆಯೇ. ಹೀಗೆ ದೊಡ್ಡವರ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಭಾಗ ಪ್ರತಿ ವರ್ಷ ಹೊಸದಾಗುತ್ತದೆ. ಮುರಿದಾಗ ಶುರುವಾಗುವುದು ಹೊಸ ವಿದ್ಯೆಯೇನಲ್ಲ, ದಿನವೂ ನಡೆಯುತ್ತಿದ್ದ ಕೆಲಸದ ಜೋರು ರೂಪ.

ಆದರೂ ಮುರಿದ ಜಾಗಕ್ಕೆ ನೇರವಾಗಿ ಮೂಳೆ ಬಂದು ಕೂರುವುದಿಲ್ಲ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಊತ, ಬಿಸಿ, ನೋವು. ಆ ಹೆಪ್ಪಿನೊಳಗೆ ಮೆತ್ತನೆಯ ಹಸಿ ಅಂಗಾಂಶ ಬೆಳೆಯುತ್ತದೆ, ಎರಡು ಮೂರು ವಾರಗಳಲ್ಲಿ ಅದು ನಾರಾಗಿ, ಕಿವಿಯ ಹಾಲೆಯಂಥ ಮೃದ್ವಸ್ಥಿಯಾಗಿ ಗಟ್ಟಿಗೊಳ್ಳುತ್ತದೆ, ಕೊನೆಗೆ ಅದನ್ನು ಸರಿಸಿ ಮೂಳೆ ತನ್ನ ಜಾಗ ಹಿಡಿಯುತ್ತದೆ. ಇಷ್ಟು ಸುತ್ತುದಾರಿ ಏಕೆ? ಇದಕ್ಕೆ ನಾನು ಓದಿದ ಉತ್ತರಗಳಲ್ಲಿ ತುಂಬ ಹಿಡಿಸಿದ್ದು ಸ್ವಿಟ್ಜರ್‌ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪೆರೆನ್ 1970ರ ದಶಕದಲ್ಲಿ ಕೊಟ್ಟದ್ದು. ಮುರಿದ ಎರಡು ತುದಿಗಳ ನಡುವೆ ಒಂದು ಮಿಲಿಮೀಟರ್ ಸಂದು ಇದೆ ಎಂದುಕೊಳ್ಳಿ. ಕೈ ಸ್ವಲ್ಪ ಅಲುಗಿ ತುದಿಗಳು ಇನ್ನೊಂದು ಮಿಲಿಮೀಟರ್ ದೂರ ಸರಿದರೆ ನಡುವಿನ ಅಂಗಾಂಶ ಎರಡರಷ್ಟು ಉದ್ದಕ್ಕೆ ಎಳೆಯಲ್ಪಡುತ್ತದೆ. ಹಸಿ ಅಂಗಾಂಶ ಅಷ್ಟು ಎಳೆತವನ್ನೂ ತಾಳುತ್ತದೆ. ಮೃದ್ವಸ್ಥಿ ತಾಳುವುದು ನೂರಕ್ಕೆ ಹತ್ತರಷ್ಟು ಮಾತ್ರ. ಮೂಳೆ ನೂರಕ್ಕೆ ಎರಡರಷ್ಟು, ಅದಕ್ಕಿಂತ ಹೆಚ್ಚಾದರೆ ಹುಟ್ಟುತ್ತಲೇ ಹರಿದುಹೋಗುತ್ತದೆ.

ಅಂದರೆ ಅಲುಗಾಡುವ ಜಾಗದಲ್ಲಿ ಮೂಳೆ ಹುಟ್ಟಲಾರದು. ಹಾಗಾಗಿ ಎಳೆತ ತಾಳಬಲ್ಲ ಅಂಗಾಂಶ ಮೊದಲು ಬಂದು ಸಂದನ್ನು ತುಂಬಿ ಅಲುಗಾಟವನ್ನು ಕಡಿಮೆ ಮಾಡುತ್ತದೆ. ಕಡಿಮೆಯಾದ ಅಲುಗಾಟದಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಹುಟ್ಟುತ್ತದೆ, ಅದು ಅಲುಗಾಟವನ್ನು ಇನ್ನಷ್ಟು ಇಳಿಸುತ್ತದೆ. ಹೀಗೆ ಒಂದು ಇನ್ನೊಂದಕ್ಕೆ ದಾರಿ ಮಾಡುತ್ತ ಮಾಡುತ್ತ ಮೂಳೆಗೆ ಬೇಕಾದ ನಿಶ್ಚಲತೆ ಸಿಗುತ್ತದೆ. ಮುರಿದ ಜಾಗದ ಸುತ್ತ ಗಂಟು ಕಟ್ಟುವುದಕ್ಕೂ ಇದೇ ಕಾರಣ. ದುಂಡು ಕೋಲಿನ ದಪ್ಪ ಎರಡರಷ್ಟಾದರೆ ಅದರ ಬಾಗದ ಬಿಗಿ 16 ಪಟ್ಟು ಹೆಚ್ಚುತ್ತದೆ. ಒಳಗಿನ ವಸ್ತು ಇನ್ನೂ ಮೆತ್ತಗಿದ್ದರೂ ದಪ್ಪದಿಂದಲೇ ಬಲ ಗಿಟ್ಟಿಸುವ ಉಪಾಯ ಅದು. ಮೂರನೇ ವಾರದ ಎಕ್ಸ್‌ರೇಯಲ್ಲಿ ಹುಡುಗನ ಮೂಳೆಯ ಸುತ್ತ ಹತ್ತಿಯ ಉಂಡೆಯಂಥ ಮಸುಕು ಮೋಡ ಕಂಡಾಗ ಅಕ್ಕ ಗಾಬರಿಯಾದಳು. ಮೂಳೆ ಡಾಕ್ಟರು ಮಾತ್ರ ಆ ಮೋಡವನ್ನೇ ಹುಡುಕುತ್ತಿದ್ದರು.

ಇದನ್ನು ಅರ್ಥ ಮಾಡಿಕೊಂಡ ಮೇಲೆ ನನಗೆ ಹೊಳೆದದ್ದು, ಮೂಳೆಯನ್ನು ಕೂಡಿಸುವವರು ವೈದ್ಯರಲ್ಲ. ಕೂಡುವ ಕೆಲಸ ಮೈಯದು. ತುದಿಗಳನ್ನು ಎದುರುಬದುರು ತಂದು, ಎಷ್ಟು ಅಲುಗಬೇಕೋ ಅಷ್ಟೇ ಅಲುಗುವಂತೆ ಹಿಡಿದಿಡುವುದು ಚಿಕಿತ್ಸೆಯ ಕೆಲಸ. ಎಲ್ಲ ಕಾಲದ ಕಟ್ಟುಗಳೂ ಈ ಅಳತೆಯನ್ನೇ ಹುಡುಕಿವೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮುರಿತಕ್ಕೆಂದೇ ಒಂದು ಅಧ್ಯಾಯವಿದೆ. ಹಿಪ್ಪೆ, ಅತ್ತಿ, ಅರಳಿ, ಮುತ್ತುಗ, ಆಲ ಮುಂತಾದ ಮರಗಳ ತೊಗಟೆಯನ್ನೂ ಬಿದಿರನ್ನೂ ದಬ್ಬೆಯಾಗಿಟ್ಟು ಕಟ್ಟುವ ವಿಧಾನ ಅಲ್ಲಿದೆ. ಕಟ್ಟು ಸಡಿಲವಾದರೆ ಸಂಧಿ ನಿಲ್ಲದು, ಬಿಗಿಯಾದರೆ ಊತ, ನೋವು, ಕೀವು, ಆದ್ದರಿಂದ ಹದವಾಗಿ ಕಟ್ಟಬೇಕು ಎನ್ನುತ್ತದೆ ಅದು. ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಸಾಧಾರಣ ಋತುವಿನಲ್ಲಿ ಐದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟು ಬಿಚ್ಚಿ ಹೊಸದು ಹಾಕಬೇಕಂತೆ. ಚಿಕ್ಕ ವಯಸ್ಸಿನಲ್ಲಿ ಒಂದು ತಿಂಗಳಿಗೆ ಕೂಡುವ ಮೂಳೆಗೆ ನಡುವಯಸ್ಸಿನಲ್ಲಿ ಎರಡು, ಮುಪ್ಪಿನಲ್ಲಿ ಮೂರು ತಿಂಗಳು ಬೇಕು ಎಂಬ ಲೆಕ್ಕವೂ ಉಂಟು. ಇಂದಿನ ಲೆಕ್ಕಕ್ಕೂ ಅದಕ್ಕೂ ಅಂಥ ದೂರವಿಲ್ಲ.

ಅಮ್ಮನ ಕೈ ಮುರಿದ ಸಂಜೆ ಪಕ್ಕದ ಮನೆಯವರು, “ಪುತ್ತೂರು ಕಟ್ಟು ಹಾಕಿಸಿಬಿಡಿ, ಆಸ್ಪತ್ರೆ ಯಾಕೆ?” ಎಂದರು. ಆಂಧ್ರದ ಪುತ್ತೂರಿನ ಹೆಸರು ನಮ್ಮ ಕೋಲಾರದ ಕಡೆ ಮನೆಮಾತು. ಸೊಪ್ಪಿನ ಲೇಪ, ಮೊಟ್ಟೆಯ ಬಿಳಿ, ಬಿದಿರ ದಬ್ಬೆ, ಬಟ್ಟೆ. ಆ ಕೈಗಳ ಅನುಭವವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ತುದಿಗಳು ಸರಿಯದೆ ಬರೀ ಸೀಳು ಬಿಟ್ಟ ಮೂಳೆಗೆ ಹದವಾದ ಯಾವ ಕಟ್ಟಾದರೂ ನಡೆದೀತು, ಏಕೆಂದರೆ ಕೂಡಿಸುವುದು ಮೈಯೇ. ಕಟ್ಟಿನಲ್ಲಿ ಬಳಸುವ ಸೊಪ್ಪುಗಳ ಬಗ್ಗೆಯೂ ಒಳ್ಳೆಯ ಕುತೂಹಲದಿಂದ ಕೆಲಸ ಮಾಡಿದವರಿದ್ದಾರೆ. ನಮ್ಮ ಕರಾವಳಿ ಮೂಲದ ಡಾ. ಕೆ.ಎನ್. ಉಡುಪ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ ಮಂಗರವಳ್ಳಿಯನ್ನು ಹಿಡಿದು, ಮುರಿದ ಮೂಳೆ ಕೂಡುವುದರ ಮೇಲೆ ಅದರ ಪರಿಣಾಮವನ್ನು ಪ್ರಾಣಿಗಳಲ್ಲಿ ಅಳೆದು ನೋಡಿದ್ದರು.

ನನ್ನ ಹೆದರಿಕೆ ಬಿಗಿಯ ಬಗ್ಗೆ. ಪ್ರೈಮರಿ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಹುಣಸೆ ಮರದಿಂದ ಬಿದ್ದು ಮೊಣಕೈ ಮೇಲೆ ಮುರಿದುಕೊಂಡಿದ್ದ. ಪಕ್ಕದೂರಿನಲ್ಲಿ ಯಾರೋ ದಬ್ಬೆ ಇಟ್ಟು ಬಿಗಿದು ಕಟ್ಟಿದರು. ರಾತ್ರಿಯೆಲ್ಲ ಅತ್ತನಂತೆ. “ಮೂಳೆ ಮುರಿದ ಮೇಲೆ ನೋವಿರೋದೇ, ಸುಮ್ನಿರು” ಎಂದು ಮನೆಯವರು ಸಮಾಧಾನ ಮಾಡಿದರಂತೆ. ಮೂಳೆಯೇನೋ ಕೂಡಿತು. ಬೆರಳುಗಳು ಒಳಕ್ಕೆ ಸೊಟ್ಟಗಾಗಿ ಹದ್ದಿನ ಉಗುರಿನಂತೆ ಮಡಚಿಕೊಂಡವು, ಮತ್ತೆ ನೇರವಾಗಲಿಲ್ಲ. ಅವನು ಎಡಗೈಯಲ್ಲಿ ಬರೆಯುವುದನ್ನು ಹೊಸದಾಗಿ ಕಲಿತ. ಅದೇಕೆ ಹಾಗಾಯಿತು ಎಂದು ನನಗೆ ತಿಳಿದದ್ದು ಮೂವತ್ತು ವರ್ಷ ಕಳೆದ ಮೇಲೆ. ಜರ್ಮನಿಯ ರಿಚರ್ಡ್ ಫೋಕ್‌ಮನ್ 1881ರಲ್ಲೇ ಇದನ್ನು ವರ್ಣಿಸಿದ್ದ. ಮುರಿದ ಕೈ ಊದುತ್ತದೆ, ಊದಲು ಜಾಗವಿಲ್ಲದಿದ್ದರೆ ಒಳಗಿನ ಒತ್ತಡ ಏರಿ ಸ್ನಾಯುಗಳಿಗೆ ರಕ್ತ ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯಲು ಶುರುವಾಗುತ್ತದೆ. ಬಿದಿರ ದಬ್ಬೆಯಿಂದಲೂ ಆದೀತು, ಆಸ್ಪತ್ರೆಯ ಪ್ಲಾಸ್ಟರಿನಿಂದಲೂ ಆದೀತು, ಕಟ್ಟೇ ಇಲ್ಲದೆ ಬರೀ ಊತದಿಂದಲೂ ಆದೀತು. ಕಟ್ಟು ಹಾಕಿದ ಮೇಲೆ ನೋವು ಇಳಿಯಬೇಕು. ಏರುತ್ತಲೇ ಹೋದರೆ, ಬೇರೆಯವರು ಮಗುವಿನ ಬೆರಳನ್ನು ಮೆಲ್ಲಗೆ ನೇರ ಮಾಡಿದೊಡನೆ ಚೀರಿದರೆ, ಬೆರಳು ಜೋಮು ಹಿಡಿದರೆ, ಬಿಳಿಚಿದರೆ ಬೆಳಗಾಗಲೆಂದು ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಅಮ್ಮನಿಗೂ ಮೊದಲು ಹಾಕಿದ್ದು ಅರ್ಧ ಪ್ಲಾಸ್ಟರು, ಒಂದು ಬದಿಗೆ ಮಾತ್ರ. ಊತ ಇಳಿದ ಮೇಲೆ ಸುತ್ತಲೂ ಪೂರ್ತಿ ಹಾಕಿದರು. ನೀರಿನಲ್ಲಿ ಅದ್ದಿದ ಪಟ್ಟಿಯನ್ನು ಕಾಂಪೌಂಡರು ಸುತ್ತುತ್ತಿದ್ದಂತೆ ಅಮ್ಮ, “ಇದೇನೋ ಒಳಗೆ ಬಿಸಿ ಆಗ್ತಿದೆಯಲ್ಲೋ” ಎಂದಳು. ಜಿಪ್ಸಂ ಕಲ್ಲನ್ನು ಕಾಯಿಸಿದಾಗ ಅದರೊಳಗಿನ ನೀರಿನ ಮುಕ್ಕಾಲು ಪಾಲು ಆವಿಯಾಗಿ ಪುಡಿ ಉಳಿಯುತ್ತದೆ. ಮತ್ತೆ ನೀರು ಕೊಟ್ಟರೆ ಆ ಪುಡಿ ಹೀರಿಕೊಂಡು, ಶಾಖ ಬಿಟ್ಟುಕೊಡುತ್ತ, ಮೊದಲಿನ ಕಲ್ಲೇ ಆಗುತ್ತದೆ. ಅಮ್ಮನ ಕೈಗೆ ತಾಕಿದ್ದು ಆ ಶಾಖ. ಈ ಪುಡಿಯನ್ನು ಬಟ್ಟೆಯ ಪಟ್ಟಿಗೆ ತಿಕ್ಕಿ ಸುತ್ತುವ ಉಪಾಯವನ್ನು 1852ರಲ್ಲಿ ಪ್ರಕಟಿಸಿದವನು ಡಚ್ ಸೇನೆಯ ವೈದ್ಯ ಆಂಟೋನಿಯಸ್ ಮಥೈಸನ್. ಎರಡೇ ವರ್ಷದಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿಗೆ ರಷ್ಯದ ನಿಕೊಲಾಯ್ ಪಿರೊಗೊವ್ ಪ್ಲಾಸ್ಟರ್ ಕಟ್ಟನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ.

ಪ್ಲೇಟು, ಸ್ಕ್ರೂ, ರಾಡು ಬಂದದ್ದು ಪ್ಲಾಸ್ಟರಿಗೆ ನಿಲ್ಲದ ಮುರಿತಗಳಿಗಾಗಿ. ಪ್ಲೇಟಿನಿಂದ ತುದಿಗಳನ್ನು ಕೂದಲೆಳೆ ಸಂದೂ ಇಲ್ಲದಂತೆ ಒತ್ತಿ ಹಿಡಿದರೆ ಅಲುಗಾಟ ಪೂರ್ತಿ ನಿಂತು, ಗಂಟೇ ಕಟ್ಟದೆ ಮೂಳೆ ನೇರವಾಗಿ ಕೂಡುತ್ತದೆ. ತೊಡೆ ಮೂಳೆಯ ಒಳಗೆ ತೂರಿಸಿದ ರಾಡು ಸ್ವಲ್ಪ ಅಲುಗಾಟ ಬಿಡುವುದರಿಂದ ಅಲ್ಲಿ ದಪ್ಪ ಗಂಟು ಕಟ್ಟುತ್ತದೆ. ಎರಡೂ ಸರಿ. ಅಲುಗಾಟದ ಈ ಲೆಕ್ಕವನ್ನು ತುಂಬ ದೂರ ಕೊಂಡೊಯ್ದವನು ಸೈಬೀರಿಯದ ಕುರ್ಗಾನಿನಲ್ಲಿ ಕೆಲಸ ಮಾಡುತ್ತಿದ್ದ ಗಾವ್ರಿಲ್ ಇಲಿಜಾರೊವ್. ಕಾಲಿನ ಸುತ್ತ ಉಂಗುರಗಳನ್ನಿಟ್ಟು, ತಂತಿಗಳಿಂದ ಮೂಳೆಯನ್ನು ಹಿಡಿದು, ಕತ್ತರಿಸಿದ ತುದಿಗಳನ್ನು ದಿನಕ್ಕೆ ಒಂದು ಮಿಲಿಮೀಟರ್, ಅದನ್ನೂ ನಾಲ್ಕು ಕಂತಿನಲ್ಲಿ, ದೂರ ಸರಿಸುತ್ತ ಹೋದ. ನಡುವಿನ ಜಾಗದಲ್ಲಿ ಹೊಸ ಮೂಳೆ ಹುಟ್ಟುತ್ತ ಬಂತು, ಗಿಡ್ಡಗಾಗಿದ್ದ ಕಾಲು ಉದ್ದವಾಯಿತು. ಬೇಗ ಎಳೆದರೆ ಬರೀ ನಾರು ಬೆಳೆಯುತ್ತದೆ, ನಿಧಾನಿಸಿದರೆ ಮೊದಲೇ ಕೂಡಿಬಿಡುತ್ತದೆ. ದಿನಕ್ಕೊಂದು ಮಿಲಿಮೀಟರಿನಲ್ಲಿ ಮೈ ಒಪ್ಪಿಕೊಳ್ಳುತ್ತದೆ ಎಂಬುದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮನೆಯಲ್ಲಿ ಎಲ್ಲರೂ ಕೇಳಿದ್ದು ಊಟದ ವಿಚಾರ. ಕಾಲು ಸೂಪು ಕೊಡಬೇಕೆ? ರಾಗಿ ಅಂಬಲಿಯೆ? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಧಾರಾಳವಾಗಿ ಕೊಡಿ. ಆದರೆ ತಡಿಕೆಗೆ ಮಣ್ಣಷ್ಟೇ ಸಾಲದು, ದಬ್ಬೆಯೂ ಬೇಕು. ಬೇಳೆ, ಮೊಟ್ಟೆ, ಹಾಲು, ಕಾಳಿನ ಪ್ರೋಟೀನು ಇಲ್ಲದೆ ಬರೀ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಮೂಳೆ ಬೇಗ ಕೂಡುವುದಿಲ್ಲ. ಬೀಡಿ ಸಿಗರೇಟಂತೂ ಕಡ್ಡಾಯವಾಗಿ ಬಿಡಬೇಕು. ಹೊಗೆ ರಕ್ತನಾಳಗಳನ್ನು ಕುಗ್ಗಿಸುತ್ತದೆ, ರಕ್ತ ಕಡಿಮೆಯಾದಲ್ಲಿ ಮೂಳೆ ಕೂಡುವುದು ತಡವಾಗುತ್ತದೆ, ಕೆಲವೊಮ್ಮೆ ಕೂಡುವುದೇ ಇಲ್ಲ. ಬೈಕಿನಿಂದ ಬಿದ್ದು ಮೊಣಕಾಲ ಕೆಳಗೆ ಮುರಿದುಕೊಂಡವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಅಲ್ಲಿ ಮೂಳೆಯ ಮುಂಭಾಗಕ್ಕೆ ಸ್ನಾಯುವಿನ ಹೊದಿಕೆ ಇಲ್ಲ, ಬರೀ ಚರ್ಮ. ರಕ್ತ ಮೊದಲೇ ಕಡಿಮೆ, ನಾಲ್ಕೈದು ತಿಂಗಳು ಹಿಡಿಯುವುದು ಅಪರೂಪವಲ್ಲ.

ಆರು ವಾರಕ್ಕೆ ಅಮ್ಮನ ಪ್ಲಾಸ್ಟರ್ ಬಿಚ್ಚಿದರು. ಒಳಗಿನ ಕೈ ಸಣ್ಣಗಾಗಿತ್ತು, ಚರ್ಮ ಹೊಟ್ಟು ಹೊಟ್ಟಾಗಿ ಉದುರುತ್ತಿತ್ತು, ಮಣಿಕಟ್ಟು ಮರದಂತೆ ಬಿಗಿದಿತ್ತು. ಅಷ್ಟು ದಿನ “ಅಲುಗಾಡಿಸಬೇಡಿ” ಎಂದಿದ್ದ ಡಾಕ್ಟರು ಈಗ “ಆಡಿಸಿ, ನೋವಾದರೂ ಆಡಿಸಿ” ಎಂದರು. ಕೂಡಿದ ಮೂಳೆಗೆ ಭಾರ ಬೀಳಬೇಕು. ಭಾರ ಬಿದ್ದ ಕಡೆ ಕಟ್ಟುವ ಕೋಶಗಳು ದಪ್ಪ ಮಾಡುತ್ತವೆ, ಬೀಳದ ಕಡೆ ಕರಗಿಸುವ ಕೋಶಗಳು ತೆಳ್ಳಗೆ ಮಾಡುತ್ತವೆ. ಬರ್ಲಿನ್ನಿನ ಜೂಲಿಯಸ್ ವೋಲ್ಫ್ 1892ರಲ್ಲಿ ಬರೆದ ನಿಯಮ ಇದು. ಅಮ್ಮನಿಗೆ ಸ್ಪಂಜಿನ ಚೆಂಡು ಕೊಟ್ಟರು. ಅವಳು ಅದನ್ನು ಎರಡು ದಿನ ಹಿಸುಕಿ ಬದಿಗಿಟ್ಟು ಚಪಾತಿ ಹಿಟ್ಟು ನಾದತೊಡಗಿದಳು. ಮೊದಲ ದಿನ ಒಂದು ಹಿಡಿ ಹಿಟ್ಟು, ಅದೂ ನೀರುನೀರಾಗಿ. ಮೂರನೇ ತಿಂಗಳಿಗೆ ಮನೆಮಂದಿಗೆಲ್ಲ ಆಗುವಷ್ಟು.

ಅಕ್ಕನ ಮಗ ಈ ವರ್ಷದ ರಜೆಗೆ ಬಂದಾಗ ಸೈಕಲ್ಲಿನಿಂದ ಬಿದ್ದು ಅದೇ ಕೈಗೆ ಏಟು ಮಾಡಿಕೊಂಡ. ಏನೂ ಆಗಿರಲಿಲ್ಲ, ಧೈರ್ಯಕ್ಕೆಂದು ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಅದನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಹತ್ತಿರ ಬಗ್ಗಿ, ಹೋದ ವರ್ಷ ಮುರಿದ ಜಾಗವನ್ನು ಹುಡುಕಿದರು. ಗಂಟಿಲ್ಲ, ಬಾಗಿಲ್ಲ, ಗೆರೆಯೂ ಇಲ್ಲ. ಕೊನೆಗೆ ಅವನ ಕಡೆ ತಿರುಗಿ ಕೇಳಿದರು: “ಮುರಿದಿದ್ದು ಯಾವ ಕೈ ಮರಿ, ಇದೇನಾ?”